ಹೋಬಳಿಯ ಫೋನಿನಲ್ಲಿ ವಿಶ್ವವಿದ್ಯಾನಿಲಯ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಆರಂಭವಾದಾಗ ಅದರ ಕಚೇರಿಯೊಡನೆ ವ್ಯವಹರಿಸಬೇಕಾದ ವಿದ್ಯಾರ್ಥಿಗೆ ಅಂಚೆ ಮತ್ತು ಖುದ್ದು ಭೇಟಿ ಎಂಬ ಎರಡು ದಾರಿಗಳಷ್ಟೇ ಇದ್ದವು. ಈ ಸ್ಥಿತಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯಿಂದ ಮೈಸೂರಿಗೆ ಬಂದ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಕಚೇರಿಯಿರುವ ಕ್ರಾಫರ್ಡ್ ಭವನದ ಕಿಟಕಿಗಳ ಮುಂದೆ ಸಾಲುಗಟ್ಟಿ, ಅರ್ಜಿ ನಮೂನೆ ಪಡೆದು, ಬ್ಯಾಂಕಿನಲ್ಲಿ ಚಲನ್ ಕಟ್ಟಿ, ಮತ್ತೆ ಅದೇ ಕಿಟಕಿಗೆ ಮರಳುವುದು ರೂಢಿಯಾಗಿತ್ತು. ಇಂದು ಪ್ರವೇಶದ ಅರ್ಜಿ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ, ಮರುಮೌಲ್ಯಮಾಪನ, ವಿದ್ಯಾರ್ಥಿವೇತನ ಇವೆಲ್ಲವೂ ಪರದೆಯ ಮೇಲೆ ನಡೆಯುತ್ತಿರುವುದರಿಂದ, ಒಂದು ಕಾಲಕ್ಕೆ ವಿಶ್ವವಿದ್ಯಾನಿಲಯದ ಪರಿಚಯಪತ್ರದಂತಿದ್ದ ಜಾಲತಾಣ ಈಗ ಅದರ ಕಚೇರಿಯೇ ಆಗಿಬಿಟ್ಟಿದೆ. ಆದುದರಿಂದ ಅದರ ವಿನ್ಯಾಸದ ಗುಣವನ್ನು ಅಳೆಯಲು ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಿನಕುರಳಿಯಂಥ ಊರೇ ತಕ್ಕ ಜಾಗ. ಅಲ್ಲಿನ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ಸಾಧಾರಣ ಫೋನಿನಲ್ಲಿ, ಬೇರೊಬ್ಬರ ಕೈ ಹಿಡಿಯದೆ, ಒಮ್ಮೆಗೇ ತನ್ನ ಕೆಲಸ ಮುಗಿಸಿಕೊಳ್ಳಬಲ್ಲಳೇ? ಅವಳಿಗೆ ಕಣ್ಣು ಕಾಣದಿದ್ದರೂ, ಬೆರಳು ನಡುಗುತ್ತಿದ್ದರೂ, ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಆ ಕೆಲಸ ಸಾಗೀತೇ? ಜಾಲತಾಣದ ವಿನ್ಯಾಸಕ್ಕೆ ಸಂಬಂಧಿಸಿದ ಮಿಕ್ಕ ಪ್ರಶ್ನೆಗಳೆಲ್ಲ ಇವೆರಡರ ನಂತರದವು.

ಈ ಎರಡು ಪ್ರಶ್ನೆಗಳಿಗೆ ಸಂಬಂಧಿಸಿದಂತೆ ಎರಡು ಪರಿಭಾಷೆಗಳು ಬಳಕೆಯಲ್ಲಿವೆ. ಬಳಕೆದಾರನು ತಾನು ಬಂದ ಕೆಲಸವನ್ನು ಕಡಿಮೆ ಹೊತ್ತಿನಲ್ಲಿ, ಕಡಿಮೆ ತಪ್ಪುಗಳೊಡನೆ, ಗೊಂದಲವಿಲ್ಲದೆ ಮುಗಿಸುವಂತಿರುವ ಗುಣವನ್ನು ಬಳಕೆಸ್ನೇಹ ಎನ್ನುತ್ತಾರೆ. ದೃಷ್ಟಿ, ಶ್ರವಣ, ಚಲನೆ, ಗ್ರಹಿಕೆ ಇವುಗಳಲ್ಲಿ ಯಾವುದರ ಕೊರತೆಯಿದ್ದವರೂ ಅದೇ ಕೆಲಸವನ್ನು ಅಷ್ಟೇ ಸ್ವತಂತ್ರವಾಗಿ ಮಾಡಬಲ್ಲಂತಿರುವ ಗುಣಕ್ಕೆ ಸುಗಮ್ಯತೆ ಎಂದು ಹೆಸರು. ಎರಡನೆಯದನ್ನು ಕೆಲವೇ ಜನರಿಗಾಗಿ ಕೊನೆಯಲ್ಲಿ ಸೇರಿಸುವ ಸೌಲಭ್ಯವೆಂದು ಎಣಿಸುವ ವಾಡಿಕೆಯುಂಟು. ಆದರೆ 2011ರ ಜನಗಣತಿಯಂತೆ ಕರ್ನಾಟಕವೊಂದರಲ್ಲೇ ಅಂಗವೈಕಲ್ಯವುಳ್ಳವರ ಸಂಖ್ಯೆ ಸುಮಾರು 13.24 ಲಕ್ಷ, ಮೇಲಾಗಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮಾನ್ಯವಾದ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ಅಂಥವರಿಗಾಗಿ ಕಾಯ್ದಿರಿಸಿದೆ. ಸೀಟನ್ನು ಕಾಯ್ದಿರಿಸಿ, ಆ ಸೀಟಿಗೆ ಅರ್ಜಿ ಹಾಕುವ ಪುಟವನ್ನು ಮಾತ್ರ ಕಣ್ಣಿದ್ದವರಿಗೆ ಮೀಸಲಿಡುವುದು ವಿಚಿತ್ರವಾದ ಔದಾರ್ಯವೆನ್ನಬೇಕು.

ಮಂಡ್ಯ ಜಿಲ್ಲೆಯ ವಿದ್ಯಾರ್ಥಿಯ ತೊಡಕು ಪುಟ ತೆರೆಯುವುದಕ್ಕೂ ಮೊದಲೇ, ಯಾವ ಪುಟವನ್ನು ತೆರೆಯಬೇಕು ಎಂಬಲ್ಲಿಂದಲೇ ಶುರುವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಾಲೇಜುಗಳಲ್ಲಿ ಓದಿದವರ ಅಂಕಪಟ್ಟಿಗಳ ಮೇಲೆ ಬಹುಕಾಲದಿಂದ ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ. 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯ ಬಂದ ಮೇಲೆ ಒಂದೇ ಮನೆಯ ಅಕ್ಕ ತಂಗಿಯರ ಪ್ರಮಾಣಪತ್ರಗಳಲ್ಲಿ ಎರಡು ಬೇರೆ ಹೆಸರುಗಳು ಕಾಣಿಸಿಕೊಳ್ಳುವಂತಾಯಿತು. ದೂರಶಿಕ್ಷಣವನ್ನು ಆರಿಸಿಕೊಂಡವರಿಗೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಇವುಗಳ ಮೇಲೆ, 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ಬಂದ, ಯುಯುಸಿಎಂಎಸ್ ಎಂದೇ ವಿದ್ಯಾರ್ಥಿಗಳ ಬಾಯಲ್ಲಿರುವ ನಿರ್ವಹಣಾ ವ್ಯವಸ್ಥೆಯಲ್ಲಿ ಪ್ರವೇಶ ಮತ್ತು ಪರೀಕ್ಷೆಯ ಕೆಲಸಗಳು ನಡೆಯುತ್ತವೆ; ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ತಾಣ, ಡಿಜಿಟಲ್ ಅಂಕಪಟ್ಟಿಗೆ ಡಿಜಿಲಾಕರ್, ಪಠ್ಯಕ್ರಮಕ್ಕೆ ವಿಶ್ವವಿದ್ಯಾನಿಲಯದ ಸ್ವಂತ ತಾಣ. ಆಡಳಿತದ ದೃಷ್ಟಿಯಿಂದ ಈ ಹಂಚಿಕೆಗೆ ಕಾರಣಗಳಿವೆ. ಆದರೆ ವಿದ್ಯಾರ್ಥಿಗೆ ಇವೆಲ್ಲ ಸೇರಿ ಒಂದೇ ವಿಶ್ವವಿದ್ಯಾನಿಲಯ. ಆದುದರಿಂದ ಯಾವ ಕೆಲಸ ಎಲ್ಲಿ ಆಗುತ್ತದೆ, ಅದಕ್ಕೆ ಯಾವ ಕಾಗದ ಕೈಯಲ್ಲಿರಬೇಕು, ಕೊನೆಯ ದಿನ ಯಾವುದು, ದಂಡಶುಲ್ಕ ಎಷ್ಟು, ತೊಡಕಾದರೆ ಯಾರನ್ನು ಕೇಳಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಹೇಳಿ, ಆಯಾ ತಾಣದ ಸರಿಯಾದ ಪುಟಕ್ಕೇ ಕೊಂಡೊಯ್ಯುವ ಒಂದು ಪುಟ ಇದ್ದರೆ, ಅದು ಹಲವು ಲಕ್ಷ ರೂಪಾಯಿಯ ಹೊಸ ವಿನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ವಿಶ್ವವಿದ್ಯಾನಿಲಯದ ಮುಖಪುಟಗಳ ಬಗೆಗಿನ ಒಂದು ವ್ಯಂಗ್ಯಚಿತ್ರ ಜಗತ್ತಿನಾದ್ಯಂತ ಹೆಸರಾಗಿದೆ. ಅಮೆರಿಕದ ರ‍್ಯಾಂಡಲ್ ಮನ್ರೋ 2010ರಲ್ಲಿ ಬರೆದ ಅದರಲ್ಲಿ ಎರಡು ವೃತ್ತಗಳಿವೆ: ಒಂದರೊಳಗೆ ಮುಖಪುಟದಲ್ಲಿ ಇರುವ ಸಂಗತಿಗಳು, ಇನ್ನೊಂದರೊಳಗೆ ಜನ ಹುಡುಕಿಕೊಂಡು ಬರುವ ಸಂಗತಿಗಳು, ಎರಡೂ ಒಂದನ್ನೊಂದು ಕೂಡುವ ಕಿರಿದಾದ ಜಾಗದಲ್ಲಿ ಸಂಸ್ಥೆಯ ಪೂರ್ಣ ಹೆಸರು ಮಾತ್ರ ಇದೆ. ಕರ್ನಾಟಕದ ಓದುಗರಿಗೂ ಈ ಚಿತ್ರ ಅಪರಿಚಿತವೆನಿಸದು. ಸರಿಯುತ್ತಿರುವ ದೊಡ್ಡ ಭಾವಚಿತ್ರಗಳು, ಗಣ್ಯರ ಸಂದೇಶಗಳು, ಘಟಿಕೋತ್ಸವದ ದೃಶ್ಯಗಳು, ಅವುಗಳ ಕೆಳಗೆ ಒಂದರ ಹಿಂದೊಂದು ಓಡುವ ಪ್ರಕಟಣೆಗಳ ಪಟ್ಟಿ, ಪ್ರತಿ ಪ್ರಕಟಣೆಯ ಪಕ್ಕದಲ್ಲಿ ಮಿನುಗುತ್ತಿರುವ ಹೊಸದೆಂಬ ಚೀಟಿ: ಇದು ನಮ್ಮ ಶಿಕ್ಷಣ ಸಂಸ್ಥೆಗಳ ತಾಣಗಳಲ್ಲಿ ಬೇರೂರಿದ ಶೈಲಿ. ವರ್ಷ ಕಳೆದರೂ ಆ ಚೀಟಿ ಮಿನುಗುವುದನ್ನು ನಿಲ್ಲಿಸದಿರುವುದೂ ಉಂಟು. ಓಡುವ ಸಾಲನ್ನು ನಿಧಾನವಾಗಿ ಓದುವವರು ಹಿಡಿಯಲಾರರು, ನಡುಗುವ ಬೆರಳಿನವರು ಒತ್ತಲಾರರು. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಚಲಿಸುವ ಯಾವ ವಸ್ತುವನ್ನೇ ಆಗಲಿ ನಿಲ್ಲಿಸುವ ಅವಕಾಶ ಓದುಗನಿಗೆ ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ವಿಧಿಸುವುದು ಇದೇ ಕಾರಣಕ್ಕೆ.

ಆ ಮಾನದಂಡದ ಹೆಸರು ಡಬ್ಲ್ಯುಸಿಎಜಿ, ಅಂದರೆ ಜಾಲದ ವಿಷಯಗಳನ್ನು ಸುಗಮ್ಯಗೊಳಿಸುವ ಮಾರ್ಗಸೂಚಿ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ ಇದರ ಮೊದಲ ಆವೃತ್ತಿಯನ್ನು 1999ರಲ್ಲಿ ಪ್ರಕಟಿಸಿತು. 2008ರಲ್ಲಿ ಬಂದ ಎರಡನೆಯ ಆವೃತ್ತಿ ಇಂದಿಗೂ ಬುನಾದಿಯಾಗಿದ್ದು, 2018ರ 2.1 ಮತ್ತು 2023ರ 2.2 ಅದರ ವಿಸ್ತರಣೆಗಳು. ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗೋಚರವಾಗಬೇಕು, ಮೌಸ್ ಇಲ್ಲದೆಯೂ ನಡೆಸಲು ಬರಬೇಕು, ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಮುರಿಯದೆ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳ ಮೇಲೆ ಅದು ನಿಂತಿದೆ. ಭಾರತ ಸರ್ಕಾರದ ತಾಣಗಳಿಗೆಂದು 2009ರಲ್ಲಿ ಬಂದ ಮಾರ್ಗಸೂಚಿಗಳ ಮೂರನೆಯ ಆವೃತ್ತಿ 2023ರಲ್ಲಿ ಹೊರಬಿದ್ದಿದ್ದು, ಅದು ಡಬ್ಲ್ಯುಸಿಎಜಿ 2.1ರ ನಡುಮಟ್ಟವನ್ನು, ಅಂದರೆ ಎಎ ಮಟ್ಟವನ್ನು ಅಂಗೀಕರಿಸಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನಕವೂ ಇದೇ ದಾರಿಯದು.

ಕಾನೂನಿನ ಸ್ಥಿತಿ ಈಚೆಗೆ ಇನ್ನಷ್ಟು ಬಿಗಿಯಾಗಿದೆ. ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಅಂಗವಿಕಲರ ಹಕ್ಕುಗಳ ಅಧಿನಿಯಮದಡಿ ರಚಿತವಾದ 2017ರ ನಿಯಮಗಳಲ್ಲಿನ 15ನೆಯ ನಿಯಮವು ಸುಗಮ್ಯತೆಯನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದೆಯೆಂದೂ, ಅದು ಮೂಲ ಅಧಿನಿಯಮದ ಆಶಯಕ್ಕೆ ವಿರುದ್ಧವೆಂದೂ ಹೇಳಿ, ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು, ಆಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೂ ತಂದ ಅರ್ಜಿಗಳ ಮೇಲೆ, ಡಿಜಿಟಲ್ ಸೇವೆಗಳನ್ನು ತಲುಪುವ ಅವಕಾಶವು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವನದ ಹಕ್ಕಿನಲ್ಲೇ ಅಡಕವಾಗಿದೆಯೆಂದು ಅದೇ ನ್ಯಾಯಾಲಯ ಸಾರಿತು. ಇದಕ್ಕೂ ಬಹಳ ಹಿಂದೆಯೇ, 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿ ಪ್ರಕಟಿಸುವ ಮಾಹಿತಿ ಜನರಿಗೆ ಸುಲಭವಾಗಿ ಸಿಗುವಂತಿರಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂದಿತ್ತು. ಹೀಗೆ ವಿಧಿಗಳ ಕೊರತೆಯೇನೂ ಇಲ್ಲ. ಕೊರತೆ ಇರುವುದು ಬೇರೆಡೆ, ಅದನ್ನು ಕಾಣಬೇಕಾದರೆ ಕಣ್ಣು ಕಾಣದ ವಿದ್ಯಾರ್ಥಿಯು ಪುಟವೊಂದನ್ನು ಓದುವ ಬಗೆಯನ್ನು ಮೊದಲು ತಿಳಿಯಬೇಕಾಗುತ್ತದೆ.

ಅಂಥ ವಿದ್ಯಾರ್ಥಿ ಬಳಸುವ ತಂತ್ರಾಂಶವನ್ನು ಸ್ಕ್ರೀನ್ ರೀಡರ್, ಅಂದರೆ ಪರದೆ ಓದುಗ ಎನ್ನುತ್ತಾರೆ. ಅದು ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಉಚ್ಚರಿಸುತ್ತದೆ. ಇಂಥ ತಂತ್ರಾಂಶಗಳಲ್ಲಿ ಜಾಸ್ ಎಂಬುದು ದುಬಾರಿ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆ ಅವರ ಜೊತೆಗೂಡಿ ಬೆಳೆಸಿದ ಎನ್‌ವಿಡಿಎ ಉಚಿತ. ಈ ಇಬ್ಬರೂ ದೃಷ್ಟಿಹೀನರು ಎಂಬುದು ಗಮನಾರ್ಹ. ಎನ್‌ವಿಡಿಎ ಜೊತೆಗೆ ಬರುವ ಇ-ಸ್ಪೀಕ್ ಎಂಬ ಧ್ವನಿಯಂತ್ರಕ್ಕೆ ಕನ್ನಡ ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಓದುಗ ಹುದುಗಿಯೇ ಇದ್ದು, ಅದಕ್ಕೂ ಕನ್ನಡದ ಧ್ವನಿಯನ್ನು ಅಳವಡಿಸಿಕೊಳ್ಳಬಹುದು. ಅಂದರೆ ಚಿನಕುರಳಿಯ ದೃಷ್ಟಿಹೀನ ವಿದ್ಯಾರ್ಥಿಗೆ ಬೇಕಾದ ಸಾಧನ ಅವನ ಜೇಬಿನಲ್ಲೇ ಇದೆ, ಮಿಕ್ಕಿರುವುದು ವಿಶ್ವವಿದ್ಯಾನಿಲಯದ ಪಾಲಿನ ಕೆಲಸ ಮಾತ್ರ.

ಕಣ್ಣಿದ್ದವರು ಪುಟವನ್ನು ಒಟ್ಟಾಗಿ ನೋಡಿ, ದಪ್ಪ ಅಕ್ಷರಗಳತ್ತ ಜಿಗಿದು, ಬೇಡದ್ದನ್ನು ಬಿಟ್ಟುಬಿಡುತ್ತಾರೆ. ಪರದೆ ಓದುಗ ಪುಟವನ್ನು ಒಂದೇ ಎಳೆಯಾಗಿ, ಮೇಲಿಂದ ಕೆಳಕ್ಕೆ ಓದುತ್ತದೆ. ಹೀಗಾಗಿ ದೃಷ್ಟಿಹೀನರು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ, ಒಂದು ಕೊಂಡಿಯಿಂದ ಇನ್ನೊಂದಕ್ಕೆ ಕೀಲಿಮಣೆಯ ನೆರವಿನಿಂದ ಹಾರುತ್ತ ಸಾಗುತ್ತಾರೆ. ಶೀರ್ಷಿಕೆಯನ್ನು ಬರಿಯ ದಪ್ಪ ಅಕ್ಷರಗಳಲ್ಲಿ ಬರೆದು, ಅದು ಶೀರ್ಷಿಕೆಯೆಂದು ಪುಟದ ಸಂಕೇತದಲ್ಲಿ ಗುರುತಿಸದಿದ್ದರೆ ಈ ಹಾರಾಟಕ್ಕೆ ನೆಲೆಯೇ ಇರದು. ಎಲ್ಲ ಕೊಂಡಿಗಳ ಮೇಲೂ ‘ಇಲ್ಲಿ ಕ್ಲಿಕ್ ಮಾಡಿ’ ಎಂದಷ್ಟೇ ಇದ್ದರೆ ಆ ಮೂರು ಪದಗಳೇ ಮೂವತ್ತು ಸಲ ಕಿವಿಗೆ ಬೀಳುತ್ತವೆ; ‘ಬಿ.ಎ. ಮೂರನೆಯ ಸೆಮಿಸ್ಟರ್ ವೇಳಾಪಟ್ಟಿ’ ಎಂದು ಬರೆದರೆ ಕಣ್ಣಿದ್ದವರಿಗೂ ಅನುಕೂಲ. ಚಿತ್ರಗಳಿಗೆ ಪರ್ಯಾಯ ಬರಹ, ಅಂದರೆ ಚಿತ್ರದಲ್ಲಿ ಏನಿದೆಯೆಂಬ ಒಂದು ಸಾಲಿನ ವಿವರಣೆ ಬೇಕು. ಅಲಂಕಾರದ ಚಿತ್ರಕ್ಕೆ ಅದನ್ನು ಖಾಲಿ ಬಿಡುವುದೇ ಸರಿ. ಪರೀಕ್ಷಾ ವೇಳಾಪಟ್ಟಿಯಂಥ ಕೋಷ್ಟಕದಲ್ಲಿ ಯಾವುದು ದಿನಾಂಕದ ಅಂಕಣ, ಯಾವುದು ವಿಷಯದ ಅಂಕಣ ಎಂದು ಗುರುತಿಸದಿದ್ದರೆ, ಕೇಳುವವನ ಪಾಲಿಗೆ ಅದು ತಲೆಬುಡವಿಲ್ಲದ ಅಂಕಿಗಳ ಮಳೆ. ಅರ್ಜಿಯ ಖಾಲಿ ಚೌಕದ ಪಕ್ಕದಲ್ಲಿ ‘ತಂದೆಯ ಹೆಸರು’ ಎಂದು ಅಚ್ಚಾಗಿದ್ದರೆ ಸಾಲದು. ಆ ಹೆಸರುಪಟ್ಟಿಯನ್ನೂ ಚೌಕವನ್ನೂ ಸಂಕೇತದಲ್ಲಿ ಬೆಸೆಯಬೇಕು, ಇಲ್ಲವಾದರೆ ಓದುಗ ತಂತ್ರಾಂಶ ಬರಿದೆ ‘ಖಾಲಿ ಜಾಗ’ ಎಂದು ಹೇಳಿ ಸುಮ್ಮನಾಗುತ್ತದೆ. ಇಷ್ಟೆಲ್ಲ ದಾಟಿ ಬಂದವರನ್ನು ಕೊನೆಗೆ ತಡೆಯುವುದು ಕ್ಯಾಪ್ಚಾ, ಅಂದರೆ ಸೊಟ್ಟಗೆ ಬರೆದ ಅಕ್ಷರಗಳನ್ನು ಗುರುತಿಸಿ ಮನುಷ್ಯರೆಂದು ಸಾಬೀತುಪಡಿಸಿಕೊಳ್ಳುವ ಪರೀಕ್ಷೆ. ಒಳಬರುವವರಿಗೆ ಇಂಥ ಒಗಟನ್ನು ಬಿಡಿಸುವ ಹೊರತು ಬೇರೆ ದಾರಿಯೇ ಇಲ್ಲದಂತೆ ಮಾಡಬಾರದೆಂಬುದು ಡಬ್ಲ್ಯುಸಿಎಜಿಯ 2.2ನೆಯ ಆವೃತ್ತಿಯಲ್ಲಿ ಸೇರಿದ ಹೊಸ ನಿಯಮಗಳಲ್ಲೊಂದು.

ಇಲ್ಲಿಯವರೆಗಿನ ತೊಡಕುಗಳು ಯಾವ ಭಾಷೆಯ ತಾಣಕ್ಕಾದರೂ ಬರುವಂಥವು. ಕನ್ನಡದ ತಾಣಕ್ಕೆ ಇವುಗಳಿಗಿಂತ ಆಳವಾದ ತೊಡಕೊಂದು ಪ್ರತ್ಯೇಕವಾಗಿದ್ದು, ಅದರ ಬೇರು ಕಚೇರಿಯ ಮೇಜಿನ ಮೇಲಿದೆ. ಸುತ್ತೋಲೆಯೊಂದು ಹುಟ್ಟುವ ಬಗೆಯನ್ನು ಗಮನಿಸಬೇಕು. ಶಾಖೆಯ ಸಿಬ್ಬಂದಿ ಅದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಾರೆ, ಮುದ್ರಿಸಿ ಕಡತದಲ್ಲಿಟ್ಟು ಮೇಲಕ್ಕೆ ಕಳುಹಿಸುತ್ತಾರೆ, ಕುಲಸಚಿವರು ಸಹಿ ಮಾಡುತ್ತಾರೆ, ಮೊಹರು ಬೀಳುತ್ತದೆ, ಆಮೇಲೆ ಆ ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ತಾಣಕ್ಕೆ ಏರಿಸುತ್ತಾರೆ. ಕಣ್ಣಿಗೆ ಅದು ಬರಹದಂತೆ ಕಂಡರೂ ಯಂತ್ರದ ಪಾಲಿಗೆ ಅದೊಂದು ಭಾವಚಿತ್ರ, ಅದರಲ್ಲಿ ಒಂದಕ್ಷರವೂ ಇಲ್ಲ. ಪರದೆ ಓದುಗ ಅದರೆದುರು ಮೂಕವಾಗುತ್ತದೆ. ತಾಣದ ಹುಡುಕುಪೆಟ್ಟಿಗೆಯಲ್ಲಿ ‘ಮರುಮೌಲ್ಯಮಾಪನ’ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಫೋನಿನಲ್ಲಿ ತೆರೆದವರು ಪ್ರತಿ ಸಾಲಿಗೂ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆಯುತ್ತ ಓದಬೇಕಾಗುತ್ತದೆ. ಮೊದಲ ಹೆಜ್ಜೆಯಲ್ಲಿ ಸಂಪೂರ್ಣ ಸುಗಮ್ಯವಾಗಿದ್ದ ಬರಹವನ್ನು ಶ್ರಮಪಟ್ಟು ಅಗಮ್ಯಗೊಳಿಸುವ ಈ ವಿಧಾನ ನಿಯಮದಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಸಹಿಯ ಅಧಿಕೃತತೆಗಾಗಿ ಸ್ಕ್ಯಾನ್ ಪ್ರತಿ ಬೇಕೇ ಬೇಕೆಂದಾದರೆ ಅದು ಕೊನೆಯಲ್ಲಿ ಒಂದು ಕೊಂಡಿಯಾಗಿ ಇರಲಿ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿರುವುದರಿಂದ ಅದರ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಸುತ್ತೋಲೆಯ ಒಡಲು ಸಾಮಾನ್ಯ ಪುಟವಾಗಿ, ಅಕ್ಷರಗಳಾಗಿಯೇ ಪ್ರಕಟವಾಗಬೇಕು.

ಅಕ್ಷರಗಳಾಗಿ ಪ್ರಕಟಿಸಿದರೂ ಸಾಲದಂಥ ಸಂದರ್ಭವೊಂದು ಉಳಿದಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, 1998ರಲ್ಲಿ ಶೇಷಾದ್ರಿವಾಸು ಹೊರತಂದ ಬರಹ ಮುಂತಾದ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ಕಲಿಸಿದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಫಾಂಟುಗಳು ಆಸ್ಕಿ ಪದ್ಧತಿಯವು. ಅಂದರೆ ಪಾಶ್ಚಾತ್ಯ ಲಿಪಿಯ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ಕೂರಿಸಿದಂಥವು. ಬರೆದವರಿಗೆ ಕಾಣುವುದು ಕನ್ನಡ, ಯಂತ್ರ ನೆನಪಿಟ್ಟುಕೊಳ್ಳುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಫಾಂಟು ಆ ರಾಶಿಗೆ ತೊಡಿಸಿದ ಮುಖವಾಡ. ಆ ಫಾಂಟು ಇಲ್ಲದ ಫೋನಿನಲ್ಲಿ ಮುಖವಾಡ ಕಳಚಿ ರಾಶಿಯೇ ಎದುರಾಗುತ್ತದೆ, ಫಾಂಟು ಇದ್ದ ಕಡೆಯೂ ಪರದೆ ಓದುಗ ಆ ರಾಶಿಯನ್ನೇ ಓದುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ 128 ಸ್ಥಾನಗಳ ಒಂದು ಖಂಡವೇ ಮೀಸಲಾಗಿದೆ. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡಿನಲ್ಲಿ ಬರೆಯುವ ಸೌಲಭ್ಯವಿದೆ. ಹೀಗಿದ್ದೂ ಹಳೆಯ ಫಾಂಟಿನಲ್ಲೇ ಬೆರಳಚ್ಚು ಮಾಡುವ ರೂಢಿ ಮುದ್ರಣಾಲಯಗಳಲ್ಲೂ ಕಚೇರಿಗಳಲ್ಲೂ ಇನ್ನೂ ಪೂರ್ತಿ ಅಳಿದಿಲ್ಲ. ಸುತ್ತೋಲೆಯ ಬರಹವನ್ನು ನಕಲಿಸಿ ತಾಣಕ್ಕೆ ಅಂಟಿಸಿದರೆ ಅದು ಚೆಲ್ಲಾಪಿಲ್ಲಿಯಾಗುವುದರಿಂದಲೇ ಸಿಬ್ಬಂದಿ ಸ್ಕ್ಯಾನ್ ಮಾಡುವ ಸುಲಭದ ದಾರಿ ಹಿಡಿಯುತ್ತಾರೆ ಎಂಬುದನ್ನು ಗಮನಿಸಿದರೆ, ಮೇಲೆ ಹೇಳಿದ ಎರಡು ತೊಡಕುಗಳೂ ಒಂದೇ ಎಂಬುದು ಹೊಳೆಯುತ್ತದೆ. ವಿನ್ಯಾಸಕಾರನು ಎಷ್ಟೇ ಸೊಗಸಾದ ಚೌಕಟ್ಟು ಕಟ್ಟಿಕೊಟ್ಟರೂ ಅದರೊಳಗೆ ಪ್ರತಿದಿನ ಬಂದು ಬೀಳುವುದು ಈ ಮೇಜಿನ ಸರಕೇ. ಹಾಗಾಗಿ ಜಾಲತಾಣದ ಸುಧಾರಣೆಗೆ ಮೀಸಲಾದ ಹಣದಲ್ಲಿ ಮೊದಲ ಪಾಲು ಪರೀಕ್ಷಾಂಗದ ಬೆರಳಚ್ಚುಗಾರರ ತರಬೇತಿಗೆ ಹೋಗುವುದು ನ್ಯಾಯ.

ಯೂನಿಕೋಡ್ ಬಳಸಿದ ಮೇಲೂ ಎರಡು ಸೂಕ್ಷ್ಮಗಳು ಉಳಿಯುತ್ತವೆ. ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ಘೋಷಿಸದಿದ್ದರೆ ಓದುಗ ತಂತ್ರಾಂಶ ಇಂಗ್ಲಿಷ್ ಧ್ವನಿಯಲ್ಲೇ ಮುಂದುವರಿದು ಕನ್ನಡದ ಅಕ್ಷರಗಳನ್ನು ನುಂಗಿಬಿಡಬಹುದು. ಇಂಗ್ಲಿಷ್ ಪುಟದ ನಡುವೆ ಕನ್ನಡ ಬಂದಾಗಲೂ ಆ ಭಾಗವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಇನ್ನೊಂದು, ಕನ್ನಡ ಲಿಪಿಯ ಎತ್ತರ. ಇಂಗ್ಲಿಷಿಗೆಂದು ಹೊಲಿದ ವಿನ್ಯಾಸದಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆಯಿರುವುದರಿಂದ, ‘ಸ್ತ್ರೀ’, ‘ಶಾಸ್ತ್ರ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ ಇಲ್ಲವೇ ಗುಂಡಿಗಳ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಕನ್ನಡದ ಪುಟಕ್ಕೆ ಸಾಲಿನ ಅಂತರವನ್ನೂ ಅಕ್ಷರದ ಗಾತ್ರವನ್ನೂ ಹೆಚ್ಚಿಸಿಯೇ ವಿನ್ಯಾಸ ಆರಂಭಿಸಬೇಕು, ಅನುವಾದ ಬಂದ ಮೇಲೆ ಹೊಂದಿಸಿಕೊಂಡರಾಯಿತು ಎನ್ನುವಂತಿಲ್ಲ. ಬಣ್ಣದ ವಿಚಾರದಲ್ಲಿ ಮಾನದಂಡ ಸ್ಪಷ್ಟ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ಕಪ್ಪಿಗೆ ಅದು 21:1. ಕಚೇರಿಗಳಿಗೆ ಪ್ರಿಯವಾದ, ಮುಖ್ಯ ಸೂಚನೆಗಳಿಗೆಲ್ಲ ಬಳಸುವ ಅಪ್ಪಟ ಕೆಂಪು ಬಿಳಿಯ ಮೇಲೆ ಸುಮಾರು 4:1 ಮಾತ್ರ ಆಗುವುದರಿಂದ, ಎಲ್ಲಕ್ಕಿಂತ ಮುಖ್ಯವಾದ ಸೂಚನೆಯೇ ಪರೀಕ್ಷೆಯಲ್ಲಿ ನಪಾಸಾಗುತ್ತದೆ.

ಕನ್ನಡದಲ್ಲಿ ಪುಟವಿರಬೇಕೆಂಬುದು ಮೈಸೂರಿನ ಮಟ್ಟಿಗೆ ಹೊಸ ಬೇಡಿಕೆಯಲ್ಲ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳೆಂಬ ಹೆಸರಿನಲ್ಲಿ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ವಿಜ್ಞಾನ, ಇತಿಹಾಸ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳಿಸಿ, ಅವನ್ನು ಅಗ್ಗದ ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಆ ಕೆಲಸವೇ ಮುಂದೆ ಪ್ರಸಾರಾಂಗವಾಗಿ ಬೆಳೆಯಿತು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ವಿದ್ಯೆ ತಲುಪಬೇಕೆಂದು ಅಷ್ಟು ಹಿಂದೆ ಯೋಚಿಸಿದ ನಾಡಿನಲ್ಲಿ, ಕಾಲೇಜಿನ ಒಳಗಿರುವ ವಿದ್ಯಾರ್ಥಿಗೇ ಶುಲ್ಕದ ಪುಟ ಇಂಗ್ಲಿಷಿನಲ್ಲಿ ಮಾತ್ರ ಸಿಗುವುದಾದರೆ ಅದು ಹಿನ್ನಡೆಯೇ. ಯಂತ್ರಾನುವಾದದ ಗುಂಡಿಯೊಂದನ್ನು ಮೂಲೆಯಲ್ಲಿಟ್ಟು ಕೈ ತೊಳೆದುಕೊಳ್ಳುವುದೂ ಸಲ್ಲದು. ದಂಡಶುಲ್ಕದ ಕೊನೆಯ ದಿನವನ್ನು ಹೇಳುವ ವಾಕ್ಯದಲ್ಲಿ ಒಂದು ವಿಭಕ್ತಿ ತಪ್ಪಿದರೂ ವಿದ್ಯಾರ್ಥಿಯ ಒಂದು ಸೆಮಿಸ್ಟರ್ ಹೋದೀತು.

ಈ ಭಾಗದ ಊರುಗಳಲ್ಲಿ ತೊಡಕಿನ ಪುಟವನ್ನು ದಾಟಿಸುವ ಒಂದು ವ್ಯವಸ್ಥೆ ತಾನಾಗಿ ಬೆಳೆದಿದೆ: ಸೈಬರ್ ಸೆಂಟರ್. ಅರ್ಜಿ ತುಂಬಿಕೊಡುವ, ಹಾಲ್ ಟಿಕೆಟ್ ತೆಗೆದುಕೊಡುವ, ಫೋಟೋವನ್ನು ಕೇಳಿದಷ್ಟು ಕೆಬಿಗೆ ಇಳಿಸಿಕೊಡುವ ಈ ಅಂಗಡಿಗಳು, ಸರ್ಕಾರದ ಗ್ರಾಮ ಒನ್ ಕೇಂದ್ರಗಳ ಜೊತೆಗೆ, ನಿಜವಾದ ಸೇವೆಯನ್ನೇ ಮಾಡುತ್ತಿವೆ. ಆದರೆ ತನ್ನ ಕೈಯಲ್ಲಿ ಫೋನ್ ಇರುವ ಪದವಿ ವಿದ್ಯಾರ್ಥಿಯೂ ಅಲ್ಲಿಗೆ ಹೋಗಿ, ಪಾಸ್‌ವರ್ಡನ್ನೂ ಒಟಿಪಿಯನ್ನೂ ಅಪರಿಚಿತರಿಗೆ ಹೇಳಿ, ಕೆಲಸ ಮಾಡಿಸಿಕೊಳ್ಳಬೇಕಾಗಿ ಬಂದರೆ ಆ ಖರ್ಚೂ ಅಪಾಯವೂ ವಿನ್ಯಾಸದ ಲೆಕ್ಕಕ್ಕೇ ಸೇರಬೇಕು. ಅವನನ್ನು ಅಲ್ಲಿಗೆ ಅಟ್ಟುವ ಕಾರಣಗಳು ಬಹುಪಾಲು ಸಣ್ಣವು: 320 ಪಿಕ್ಸೆಲ್ ಅಗಲದ ಪರದೆಯಲ್ಲಿ ಅಡ್ಡಕ್ಕೆ ಸರಿಸದೆ ಪುಟ ಓದಲು ಬರಬೇಕೆಂಬ ನಿಯಮವನ್ನು ಪಾಲಿಸದಿರುವುದು; ಬೆರಳಿಗೆ ಸಿಗದಷ್ಟು ಚಿಕ್ಕ ಗುಂಡಿಗಳು; ತಪ್ಪಾದದ್ದು ಏನೆಂದು ಹೇಳದೆ ಬರಿಯ ಕೆಂಪು ಗೆರೆ ತೋರಿಸುವ ಅರ್ಜಿ; ಒಂದು ತಪ್ಪಿಗೆ ತುಂಬಿದ್ದನ್ನೆಲ್ಲ ಅಳಿಸಿಹಾಕುವ ಪುಟ; ಎಚ್ಚರಿಕೆಯಿಲ್ಲದೆ ಹೊರದಬ್ಬುವ ಕಾಲಮಿತಿ. ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಅದನ್ನು ಹಿಗ್ಗಿಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳ ಅವಕಾಶ ಕೊಡಬೇಕೆಂಬುದು ಮಾನದಂಡ ತೋರುವ ದಾರಿಗಳಲ್ಲೊಂದು. ಫಲಿತಾಂಶದ ದಿನ ಎಲ್ಲರೂ ಒಮ್ಮೆಗೇ ನುಗ್ಗಿ ‘ಸರ್ವರ್ ಡೌನ್’ ಎಂಬ ಮಾತು ಹರಡುವಾಗ, ಆ ಒಂದೆರಡು ದಿನಗಳ ಮಟ್ಟಿಗಾದರೂ ಚಿತ್ರಗಳನ್ನೆಲ್ಲ ತೆಗೆದು, ಬರಿಯ ಅಕ್ಷರಗಳ ಹಗುರ ಪುಟವನ್ನು ಮುಂದಿಟ್ಟರೆ ಯಂತ್ರಕ್ಕೂ ಹಗುರ, ಡೇಟಾ ಪ್ಯಾಕಿಗೂ ಹಗುರ.

ಸುಗಮ್ಯತೆಯ ಹೆಸರಿನಲ್ಲಿ ನಡೆಯುವ ಎರಡು ತಪ್ಪು ಪರಿಹಾರಗಳನ್ನೂ ಇಲ್ಲಿ ಹೆಸರಿಸಬೇಕು. ಒಂದು, ಅಕ್ಷರ ಹಿಗ್ಗಿಸುವ, ಬಣ್ಣ ತಿರುಗಿಸುವ ಗುಂಡಿಗಳ ಗೊಂಚಲನ್ನು ಪುಟದ ಅಂಚಿಗೆ ಅಂಟಿಸಿ, ತಾಣ ಸುಗಮ್ಯವಾಯಿತೆಂದು ಘೋಷಿಸುವುದು. ಹೆಸರುಪಟ್ಟಿಯಿಲ್ಲದ ಚೌಕ, ಸ್ಕ್ಯಾನ್ ಮಾಡಿದ ಸುತ್ತೋಲೆ ಇವುಗಳನ್ನು ಯಾವ ಗುಂಡಿಯೂ ಸರಿಪಡಿಸದು. ಇಂಥ ಉಪಕರಣ ಮಾರುವ ಆಕ್ಸೆಸಿಬಿ ಎಂಬ ಕಂಪನಿಯು ತನ್ನ ಸರಕು ಯಾವ ತಾಣವನ್ನಾದರೂ ಮಾನದಂಡಕ್ಕೆ ಹೊಂದಿಸುತ್ತದೆಂದು ಹೇಳಿಕೊಂಡದ್ದು ದಾರಿತಪ್ಪಿಸುವಂತಿದೆ ಎಂದು ಆರೋಪಿಸಿದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 2025ರಲ್ಲಿ ಅದರಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಳ್ಳುವ ಆದೇಶ ಹೊರಡಿಸಿತು. ಇನ್ನೊಂದು, ಸರಿಪಡಿಸುವುದು ಕಷ್ಟವೆಂದು ಇದ್ದುದನ್ನೇ ತೆಗೆದುಹಾಕುವುದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಉಚಿತವಾಗಿ ಕೊಟ್ಟಿದ್ದ ಪಾಠಗಳ ದೃಶ್ಯಗಳಿಗೆ ಶ್ರವಣದೋಷವುಳ್ಳವರು ಓದಬಲ್ಲ ಅಡಿಬರಹ ಇಲ್ಲವೆಂದು ಅಲ್ಲಿನ ನ್ಯಾಯ ಇಲಾಖೆ 2016ರಲ್ಲಿ ಹೇಳಿದಾಗ, ಅದು 2017ರಲ್ಲಿ 20,000ಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಅದರಿಂದ ಕಿವುಡರಿಗೆ ಏನೂ ದೊರೆಯಲಿಲ್ಲ, ಕೇಳುವವರಿಗೂ ಇದ್ದದ್ದು ಹೋಯಿತು. 2022ರಲ್ಲಿ ಆ ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ಪಾಠಗಳನ್ನು ಸುಗಮ್ಯಗೊಳಿಸಲು ಒಪ್ಪಬೇಕಾಯಿತು. ಕರ್ನಾಟಕದ ತಾಣಗಳಲ್ಲೂ ಹಳೆಯ ಪಿಡಿಎಫ್‌ಗಳ ಗುಡ್ಡವಿದೆ. ಅದನ್ನೆಲ್ಲ ಒಮ್ಮೆಗೇ ಕರಗಿಸಲು ಹೊರಡುವ ಬದಲು, ಒಂದು ದಿನಾಂಕ ಗೊತ್ತುಮಾಡಿ ಅಂದಿನಿಂದ ಬರುವುದೆಲ್ಲ ಸರಿಯಾಗಿರುವಂತೆ ನೋಡಿಕೊಂಡು, ಹಳೆಯದರಲ್ಲಿ ಜನ ಹೆಚ್ಚಾಗಿ ತೆರೆಯುವ ಪಠ್ಯಕ್ರಮ, ನಿಯಮಾವಳಿ, ಅರ್ಜಿ ನಮೂನೆಗಳನ್ನು ಮೊದಲು ಎತ್ತಿಕೊಳ್ಳುವುದೇ ಸಾಧ್ಯವಾಗುವ ದಾರಿ.

ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಅವು ಹಿಡಿಯುವುದು ದೋಷಗಳ ಒಂದು ಭಾಗವನ್ನಷ್ಟೇ. ಚಿತ್ರಕ್ಕೆ ಪರ್ಯಾಯ ಬರಹ ಇದೆಯೇ ಎಂದು ಯಂತ್ರ ಹೇಳಬಲ್ಲದು. ಆ ಬರಹ ಅರ್ಥವತ್ತಾಗಿದೆಯೇ ಎಂದು ಮನುಷ್ಯರೇ ಹೇಳಬೇಕು. ಬಳಕೆಸ್ನೇಹದ ಅಧ್ಯಯನದಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲಿ ಮಂಡಿಸಿದ ವಾದದಂತೆ, ಐದು ಮಂದಿ ಬಳಕೆದಾರರನ್ನು ಕೂರಿಸಿ ಅವರು ಎಡವುವುದನ್ನು ಗಮನಿಸಿದರೆ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಬಯಲಾಗುತ್ತವೆ. ತಿದ್ದಿ ಮತ್ತೆ ಐದು ಮಂದಿಗೆ ತೋರಿಸುವುದು ಒಮ್ಮೆಗೇ ನೂರು ಮಂದಿಗೆ ಪ್ರಶ್ನಾವಳಿ ಹಂಚುವುದಕ್ಕಿಂತ ಲಾಭಕರ. ಈ ಐದು ಮಂದಿ ಯಾರೆಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಮೈಸೂರಿಗೆ ಇದರಲ್ಲಿ ಬೇರೆ ಊರುಗಳಿಗಿಲ್ಲದ ಅನುಕೂಲವಿದೆ. ವಿಶ್ವವಿದ್ಯಾನಿಲಯದ ಆವರಣವಿರುವ ಮಾನಸಗಂಗೋತ್ರಿಯಲ್ಲೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂಗವಿಕಲರಿಗೆಂದೇ ನಡೆಯುವ ಜೆಎಸ್ಎಸ್ ಪಾಲಿಟೆಕ್ನಿಕ್ ಅದೇ ನಗರದಲ್ಲಿದೆ. ಪದವಿ ಕಾಲೇಜುಗಳಲ್ಲಿ ಸ್ಕ್ರೈಬ್ ನೆರವಿನಿಂದ, ಅಂದರೆ ತಾವು ಹೇಳಿದ್ದನ್ನು ಬರೆದುಕೊಡುವ ಬರಹಗಾರರೊಡನೆ, ಪರೀಕ್ಷೆ ಬರೆಯುವ ದೃಷ್ಟಿಹೀನ ವಿದ್ಯಾರ್ಥಿಗಳಿದ್ದಾರೆ. ಇವರನ್ನು ಪರೀಕ್ಷಕರನ್ನಾಗಿ ಕರೆದು, ಅವರ ಸಮಯಕ್ಕೆ ಗೌರವಧನ ಕೊಟ್ಟು, ಜೊತೆಗೆ ಪಾಂಡವಪುರ ಅಥವಾ ಕೃಷ್ಣರಾಜಪೇಟೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಅವರವರ ಫೋನುಗಳೊಡನೆಯೇ ಕೂರಿಸಬೇಕು. ಕಚೇರಿಯ ವೈಫೈ ಕೊಡದೆ, ಅವರ ಸಿಮ್ಮಿನ ಜಾಲದಲ್ಲೇ ನೋಡಬೇಕು.

ಪರೀಕ್ಷೆಯ ಕಾಲವೂ ಮುಖ್ಯ. ಹೊಸ ತಾಣವನ್ನು ಉದ್ಘಾಟನೆಯ ಹಿಂದಿನ ವಾರ ಪರೀಕ್ಷಿಸಿದರೆ ತಿದ್ದಲು ಹೊತ್ತಿರುವುದಿಲ್ಲ. ಪರೀಕ್ಷಾ ಶುಲ್ಕದ ಅಧಿಸೂಚನೆ ಹೊರಡುವುದಕ್ಕೆ ಒಂದು ತಿಂಗಳ ಮುಂಚೆ, ಅರ್ಜಿಯ ಪುಟ ಕಚ್ಚಾ ರೂಪದಲ್ಲಿರುವಾಗಲೇ ಪರೀಕ್ಷಿಸಿದರೆ ಪ್ರಯೋಜನ. ಇದಕ್ಕೆಲ್ಲ ಬೀಜ ಬೀಳುವುದು ಟೆಂಡರಿನ ಷರತ್ತುಗಳಲ್ಲಿ. ಅಲ್ಲಿ ‘ಆಕರ್ಷಕ ವಿನ್ಯಾಸ’ ಎಂದಷ್ಟೇ ಬರೆದರೆ ಆಕರ್ಷಕ ವಿನ್ಯಾಸವೇ ಬರುತ್ತದೆ. ಡಬ್ಲ್ಯುಸಿಎಜಿಯ ಎಎ ಮಟ್ಟ, ಯೂನಿಕೋಡ್ ಕನ್ನಡ, ಸ್ಕ್ಯಾನ್ ಪ್ರತಿಗೆ ಅಕ್ಷರರೂಪದ ಜೋಡಿ, ಅಂಗವಿಕಲ ಬಳಕೆದಾರರಿಂದ ಪರೀಕ್ಷೆ ಇವನ್ನು ಷರತ್ತಿನಲ್ಲಿ ನಮೂದಿಸಿ, ಕೊನೆಯ ಕಂತಿನ ಹಣವನ್ನು ಆ ಪರೀಕ್ಷೆ ಮುಗಿದ ಮೇಲಷ್ಟೇ ಬಿಡುಗಡೆ ಮಾಡುವುದೆಂದು ಬರೆಯಬಹುದು. ಪ್ರತಿ ಪುಟದ ಅಡಿಯಲ್ಲಿ ಅದನ್ನು ನೋಡಿಕೊಳ್ಳುವ ಶಾಖೆಯ ಹೆಸರು, ಕೊನೆಯದಾಗಿ ತಿದ್ದಿದ ದಿನಾಂಕ, ಓದಲಾಗದಿದ್ದರೆ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ ಇರಬೇಕು. ಆ ದೂರವಾಣಿಯನ್ನು ಕಚೇರಿಯ ಹೊತ್ತಿನಲ್ಲಿ ಎತ್ತುವವರನ್ನೂ ಅದೇ ಆದೇಶದಲ್ಲಿ ನೇಮಿಸಬೇಕು.